ನಾಗವೇಣಿ ನಮ್ಮ ಮಹಡಿಯಲ್ಲಿದ್ದ ಬೇಸಿಗೆ

ಈ ವರ್ಷ ಅಂಕೋಲೆಯ ಪೇಟೆಗೆ ಕರಿ ಈಶಾಡು ಮಾವು ಸ್ವಲ್ಪ ತಡವಾಗಿ ಬಂತು. ಮೊನ್ನೆ ಬೆಳಿಗ್ಗೆ ಏಳೂಕಾಲಿಗೆ ಹಾಲು ತರಲು ಹೋದಾಗ ಬಸ್ ನಿಲ್ದಾಣದ ಹತ್ತಿರ ಹೆಂಗಸರು ಬುಟ್ಟಿ ಇಳಿಸಿ ಕೂತಿದ್ದರು. ನನಗೆ ಮಾವಿನ ಹಣ್ಣಿನ ಮೇಲೆ ಹೇಳಿಕೊಳ್ಳುವಂಥ ಮೋಹವಿಲ್ಲ. ಕೈಯೆಲ್ಲ ಅಂಟು, ಮೊಣಕೈವರೆಗೆ ರಸ. ಆದರೂ ಆ ವಾಸನೆ ಬಡಿದದ್ದೇ ಕಾಲು ಅಲ್ಲೇ ನಿಂತಿತು. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ನಮ್ಮ ಮಹಡಿಯ ಎರಡೂ ಕೋಣೆಗಳಲ್ಲಿ ಇದೇ ವಾಸನೆ ತುಂಬಿತ್ತು. ಆ ಬೇಸಿಗೆಯ ಕಥೆಯನ್ನು ನಮ್ಮ ಕೇರಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಡೆದದ್ದು ಹೇಗೆ ಎಂದು ನಾನು ಬರೆದಿಡುತ್ತಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ. ಯಾರನ್ನು ಕೇಳಬೇಕೋ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹಿಂದೊಮ್ಮೆ ಕೇಳದೆ ಬರೆದು ಪೆಟ್ಟು ತಿಂದಿದ್ದೇನೆ.

ನಾನು ಕಾಳಿ ನದಿಯ ವಿದ್ಯುದಾಗಾರಗಳಲ್ಲಿ ಮೂವತ್ತೊಂದು ವರ್ಷ ಕಂಟ್ರೋಲ್ ರೂಮ್ ಆಪರೇಟರ್ ಆಗಿದ್ದವನು. ಕೊನೆಯ ಹದಿನೈದು ವರ್ಷ ಕದ್ರಾದಲ್ಲಿ. ನಮ್ಮ ಕೆಲಸವೆಂದರೆ ಗಂಟೆಗೊಮ್ಮೆ ಮೀಟರುಗಳ ಅಂಕೆ ನೋಡಿ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು. ಆ ಪುಸ್ತಕ ಯಾವಾಗಲೂ ಎದುರಿಗೇ ತೆರೆದಿರಬೇಕು. ಕೋಣೆಗೆ ಬಂದ ಯಾರಿಗಾದರೂ ಏನು ನಡೆದಿದೆ ಎಂದು ಒಂದು ನೋಟದಲ್ಲಿ ತಿಳಿಯಬೇಕು. ಪಾಳಿ ಮುಗಿದರೂ ಮುಂದಿನವನು ಬಂದು ಅದನ್ನು ಓದಿ, ಸಹಿ ಹಾಕಿ ಚಾರ್ಜ್ ತೆಗೆದುಕೊಳ್ಳುವವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ. ಈ ಅಭ್ಯಾಸ ನಿವೃತ್ತಿಯ ಜೊತೆ ಹೋಗಲಿಲ್ಲ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನವನ್ನೂ ಬರೆದಿಡುವವನು ನಾನು. ನನ್ನ ಹೆಂಡತಿ ಸುಶೀಲಾ ಇದನ್ನು ರೋಗ ಎನ್ನುತ್ತಾಳೆ.

ಕಾರವಾರದಲ್ಲಿ ಅನಾಥ ಮಕ್ಕಳ ಒಂದು ಮನೆ ಇದೆ. ಅದನ್ನು ನಡೆಸುವ ಲೀಲಾಬಾಯಿ ನಮಗೆ ದೂರದ ಪರಿಚಯ. ಒಂದು ದಿನ ಅಲ್ಲಿ ಇನ್ವರ್ಟರ್ ಕೆಟ್ಟಿದೆಯೆಂದು ನನ್ನನ್ನು ಕರೆಸಿದರು. ಅಲ್ಲಿದ್ದ ಮಕ್ಕಳಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಎಚ್‌ಐವಿ ಇತ್ತು. ದಿನವೂ ಒಂದೇ ಹೊತ್ತಿಗೆ ಮಾತ್ರೆ ತೆಗೆದುಕೊಂಡರೆ ಆ ವೈರಸ್ಸು ರಕ್ತದಲ್ಲಿ ಲೆಕ್ಕಕ್ಕೆ ಸಿಗದಷ್ಟು ಅಡಗಿ ಕೂರುತ್ತದೆ, ಮಗು ಎಲ್ಲರಂತೆ ಬೆಳೆಯುತ್ತದೆ. ಹೊತ್ತು ತಪ್ಪಿದರೆ ತಲೆ ಎತ್ತುತ್ತದೆ. ನಾನು ತಂತಿ ಬಿಚ್ಚುತ್ತಿದ್ದಾಗ ಅಡುಗೆಯವಳು ಆಯಾಳನ್ನು ಕೇಳಿದಳು, "ಸಣ್ಣವಳಿಗೆ ಮಾತ್ರೆ ಕೊಟ್ಟಾಯ್ತಾ?"

"ಕೊಟ್ಟಿರಬೇಕು," ಎಂದಳು ಆಯಾ.

ನಾನು ಸ್ಕ್ರೂ ಡ್ರೈವರ್ ಕೆಳಗಿಟ್ಟೆ. "ಕೊಟ್ಟಿರಬೇಕು ಅಂದ್ರೆ ಎಂತ? ಕೊಟ್ಟಿದ್ದೀರಿ, ಇಲ್ಲ ಕೊಟ್ಟಿಲ್ಲ. ನಡುವೆ ಮತ್ತೊಂದು ಇಲ್ಲ."

ಲೀಲಾಬಾಯಿ ಬಾಗಿಲಲ್ಲಿ ನಿಂತು ನಕ್ಕರು. "ನಾಯಕರೇ, ನಿಮ್ಮನ್ನ ಕರೆದದ್ದು ಇನ್ವರ್ಟರ್ ನೋಡ್ಲಿಕ್ಕೆ."

ಮರುದಿನ ಒಂದು ರಿಜಿಸ್ಟರ್ ಕೊಂಡು ಹೋಗಿ ಗೆರೆ ಹಾಕಿ ಕೊಟ್ಟೆ. ಮತ್ತೆ ವಾರಕ್ಕೆ ಮೂರು ದಿನ ಹೋಗತೊಡಗಿದೆ. ನನ್ನನ್ನು ಅಲ್ಲಿಗೆ ಎಳೆದದ್ದು ಕರುಣೆಯಲ್ಲ. ಅವ್ಯವಸ್ಥೆ ಕಂಡರೆ ಆಗದ ನನ್ನ ಸ್ವಭಾವ.

ಅಲ್ಲಿನ ಎಂಟು ವರ್ಷದ ಹುಡುಗಿ ನಾಗವೇಣಿ. ಎಲ್ಲರೂ ವೇಣಿ ಎನ್ನುತ್ತಿದ್ದರು. ಅವಳ ಕಾಗದಗಳು ನಮ್ಮ ದೇಶದ ಹಲವು ದಂಪತಿಗಳ ಕೈಗೆ ಹೋಗಿದ್ದವು. ಮೊದಲ ಪುಟದ ಫೋಟೊ ನೋಡಿ ಇಷ್ಟಪಟ್ಟವರು ಎರಡನೆಯ ಪುಟದ ಒಂದು ಸಾಲು ಓದಿ ಹಿಂದಿರುಗಿಸಿದ್ದರು. ಕೊನೆಗೆ ಇಟಲಿಯ ಒಂದು ಸಣ್ಣ ಊರಿನಿಂದ ಪಾವೊಲಾ ಮತ್ತು ಮಾರ್ಕೊ ಎಂಬ ಗಂಡ ಹೆಂಡತಿ ಆ ಸಾಲನ್ನೂ ಓದಿ ಒಪ್ಪಿಕೊಂಡರು. ಅವಳು ಅಲ್ಲಿ ಬಸ್ ಡ್ರೈವರ್. ಅವನು ಬಡಗಿ, ಮಾತು ಕಡಿಮೆ. ದೆಹಲಿಯಿಂದ ಒಪ್ಪಿಗೆ ಬಂದಿತ್ತು, ಜಿಲ್ಲೆಯ ದತ್ತು ಆದೇಶ ಬಾಕಿ ಇತ್ತು. ಅದು ಬರುವವರೆಗೆ ಮಗುವನ್ನು ಇಲ್ಲಿಯೇ ತಮ್ಮ ಜೊತೆ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಪಾವೊಲಾಳಿಗೆ ಜೂನ್ ಮೊದಲ ವಾರದವರೆಗೆ ರಜೆ. ಅಷ್ಟರೊಳಗೆ ಆಗಬೇಕು ಎಂದು ಬಂದರು.

ಕಾರವಾರದಲ್ಲಿ ಸಮುದ್ರದ ಕಡೆಗೊಂದು ಬಾಡಿಗೆ ಮನೆ ಹಿಡಿದಿದ್ದರು. ಹತ್ತನೆಯ ದಿನ, ಮಗು ಲೀಲಾಬಾಯಿಯವರ ಅನಾಥ ಮಕ್ಕಳ ಮನೆಯದು ಎಂದು ತಿಳಿದದ್ದೇ ಮಾಲೀಕ ನೆಂಟರು ಬರುತ್ತಾರೆಂದು ಹೇಳಿ ಎಬ್ಬಿಸಿದ. ಲೀಲಾಬಾಯಿ ನನಗೆ ಫೋನ್ ಮಾಡಿದರು. ನಾನು ಸುಶೀಲಾಳ ಮುಖ ನೋಡಿದೆ.

"ನನ್ನ ಮುಖ ಎಂತ ನೋಡ್ತ್ರಿ? ಮಹಡಿ ಗುಡಿಸಿ ಎಷ್ಟು ದಿನ ಆಯ್ತು, ಅದು ನೋಡಿ," ಎಂದಳು.

ಹೀಗೆ ಏಪ್ರಿಲ್ ನಡುವೆ ಅವರು ಅಂಕೋಲೆಗೆ ಬಂದರು. ಸೆಕೆ ಜೋರಾಗಿತ್ತು, ಹೆಂಚು ಸಂಜೆಯಾದರೂ ತಣಿಯುತ್ತಿರಲಿಲ್ಲ. ಪಾವೊಲಾ ಪೇಟೆಯಿಂದ ಈಶಾಡನ್ನು ಬುಟ್ಟಿಗಟ್ಟಲೆ ತಂದು ಕಿಟಕಿಯ ಕೆಳಗೆ ಹರಡಿಡುತ್ತಿದ್ದಳು. ಮಾರ್ಕೊ ನಮ್ಮ ಹಿತ್ತಲ ಬಾಗಿಲಿನ ಕಿರುಗುಟ್ಟುವ ತಿರುಗಣಿಯನ್ನು ಕೇಳದೆಯೇ ಸರಿಮಾಡಿದ. ವೇಣಿ ಅವರಿಬ್ಬರನ್ನೂ ನಮ್ಮ ಕಡೆಯ ಮಕ್ಕಳಂತೆ ಆಯಿ, ಅಪ್ಪ ಎನ್ನದೆ ಹೆಸರು ಹಿಡಿದು ಕರೆಯುತ್ತಿದ್ದಳು. ಕೆಲಸವಿದ್ದರೆ ಮಾತ್ರ ಕರೆಯುತ್ತಿದ್ದಳು. ಪಾವೊಲಾ ಅದಕ್ಕೆ ಅವಸರಪಡಲಿಲ್ಲ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಅದರಿಂದಲೇ ನಮಗೆ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ವೇಣಿಯ ಮಾತ್ರೆ ಬೆಳಿಗ್ಗೆ ಎಂಟಕ್ಕೆ. ನಾನು ಹೊಸ ರಿಜಿಸ್ಟರಿಗೆ ಗೆರೆ ಹಾಕಿ, ಪಾವೊಲಾಳೂ ಓದಲೆಂದು ಇಂಗ್ಲಿಷಿನಲ್ಲಿ ಬರೆದೆ: ದಿನಾಂಕ, ಹೊತ್ತು, ಮಾತ್ರೆಯ ಹೆಸರು, ಷರಾ, ಕೊಟ್ಟವರು, ತೆಗೆದುಕೊಂಡವರು. ಕೊನೆಯ ಅಂಕಣದಲ್ಲಿ ವೇಣಿಯೇ ಸಹಿ ಹಾಕುತ್ತಿದ್ದಳು. ಬಾಲ ಎಳೆದ ದೊಡ್ಡ ಸಹಿ, ಅಂಕಣದಿಂದ ಹೊರಗೆ ಹೋಗುತ್ತಿತ್ತು. ಎರಡು ಸಲ ಎಚ್ಚರಿಸಿ ಆಮೇಲೆ ಗೆರೆಯನ್ನೇ ಅಗಲ ಮಾಡಿದೆ. ಪುಸ್ತಕಕ್ಕೆ ದಾರ ಕಟ್ಟಿ ಜಗಲಿಯ ಮೊಳೆಗೆ ತೂಗಿಹಾಕಿದೆ. ಎದುರಿಗೆ, ಎಲ್ಲರಿಗೂ ಕಾಣುವಂತೆ. ಮೂವತ್ತೊಂದು ವರ್ಷದ ಕೈ ಅದು, ಬೇರೆಲ್ಲಿ ಇಟ್ಟೀತು? ಸುಶೀಲಾ ಕೂಡ ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡಿದಳು, ಅವಳಿಗೂ ಹೊಳೆಯಲಿಲ್ಲ.

ಎದುರು ಮನೆಯ ಪಾಂಡುರಂಗ ನನ್ನ ಹಳೆಯ ಸ್ನೇಹಿತ. ಬಹಳ ವರ್ಷ ಮೆಡಿಕಲ್ ಅಂಗಡಿ ನಡೆಸಿ ಮಗನಿಗೆ ಒಪ್ಪಿಸಿದವನು. ಬೆಳಿಗ್ಗೆ ಐದೂಮುಕ್ಕಾಲಿಗೆ ನಾವಿಬ್ಬರೂ ನಡೆಯಲು ಹೋಗುತ್ತಿದ್ದೆವು. ನಾನು ಬೂಟು ಕಟ್ಟುವವರೆಗೆ ಅವನು ಜಗಲಿಯಲ್ಲಿ ಕಾಯುತ್ತಿದ್ದ. ಒಂದು ದಿನ ನಾನು ಹೊರಗೆ ಬಂದಾಗ ಅವನು ಮೊಳೆಯ ಹತ್ತಿರ ನಿಂತಿದ್ದ, ಕನ್ನಡಕ ಹಣೆಯ ಮೇಲಿತ್ತು.

"ಈ ಮಾತ್ರೆ ಎಂತಕ್ಕೆ ಕೊಡೂದು ಅಂತ ನಂಗೆ ಗೊತ್ತು ಮಾರಾಯ," ಎಂದ.

ನಾನು ಪುಸ್ತಕವನ್ನು ಮೊಳೆಯಿಂದ ತೆಗೆದೆ. "ಗೊತ್ತಿದ್ರೆ ನಿನ್ನ ಹತ್ರವೇ ಇಟ್ಕೊ."

"ಮಕ್ಕಳು ಮರಿ ಇರೋ ಕೇರಿ ಇದು. ನೀ ಒಂದು ಮಾತು ನಮಗೆ ಹೇಳೂದಲ್ವಾ?"

ಅಂದು ಅವನು ನಡೆಯಲು ಬರಲಿಲ್ಲ. ಮಧ್ಯಾಹ್ನದೊಳಗೆ ಕೇರಿಗೆಲ್ಲ ಗೊತ್ತಾಗಿತ್ತು. ಇಂಥ ಕಾಯಿಲೆಯ ವಿಷಯವನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದು, ಅದು ಅಪರಾಧ. ಇದನ್ನು ಕಾರವಾರದ ಆಯಾಗಳಿಗೆ ಕೂರಿಸಿ ಹೇಳಿಕೊಟ್ಟವನು ನಾನೇ. ಈಗ ನಾನೇ ಅಕ್ಷರ ಗುಂಡಗೆ ಬರೆದು ಮೊಳೆಗೆ ನೇತುಹಾಕಿದ್ದೆ.

ಪಾವೊಲಾಳಿಗೆ ಹೇಳಲು ಮಹಡಿ ಹತ್ತಿದೆ. ಮೆಟ್ಟಿಲು ಹದಿನಾಲ್ಕು. ಅಂದು ಹೆಚ್ಚಾದಂತೆ ಅನಿಸಿತು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಹಣ್ಣು ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು.

"ಅದು ನಿಮ್ಮದಲ್ಲ," ಎಂದಳು. "ನನ್ನದೂ ಅಲ್ಲ. ಅವಳದು. ಯಾರಿಗೆ, ಯಾವಾಗ ಹೇಳಬೇಕು ಅನ್ನುವುದು ಅವಳು ದೊಡ್ಡವಳಾಗಿ ತೀರ್ಮಾನಿಸಬೇಕಿತ್ತು. ಆ ತೀರ್ಮಾನವನ್ನು ನೀವು ತೆಗೆದುಬಿಟ್ಟಿರಿ."

ಮೂವತ್ತೊಂದು ವರ್ಷದಲ್ಲಿ ಯಾವ ಇಂಜಿನಿಯರನೂ ನನ್ನ ತಪ್ಪನ್ನು ಇಷ್ಟು ಸರಿಯಾಗಿ ತೋರಿಸಿರಲಿಲ್ಲ. ಬೇರೆ ಊರಲ್ಲಿ ಮನೆ ನೋಡಿಕೊಡುತ್ತೇನೆ, ಗೋಕರ್ಣದ ಕಡೆ ಯಾರೂ ಕೇಳುವುದಿಲ್ಲ ಎಂದೆ.

"ನಾನು ಬಸ್ ಓಡಿಸುವವಳು. ಯಾರೋ ರಸ್ತೆಗೆ ಅಡ್ಡ ನಿಂತರೆಂದು ರಿವರ್ಸ್ ಹಾಕುವುದಿಲ್ಲ. ಎಂಜಿನ್ ಬಂದ್ ಮಾಡಿ ಅಲ್ಲೇ ಕೂರುತ್ತೇನೆ," ಎಂದಳು. ಮಾರ್ಕೊ ತಲೆಯಾಡಿಸಿದ. ಅಲ್ಲಿಗೆ ಗೋಕರ್ಣದ ಮಾತು ಮುಗಿಯಿತು.

ಪುಸ್ತಕವನ್ನು ಒಳಗಿನ ಕಪಾಟಿಗೆ ಸೇರಿಸಿದೆ. ಮರುದಿನ ಎಂಟಕ್ಕೆ ವೇಣಿ ಮೊಳೆಯ ಕೆಳಗೆ ನಿಂತಿದ್ದಳು.

"ಅಜ್ಜ, ಪುಸ್ತಕ ಎಲ್ಲಿ?"

"ಒಳಗಿದೆ. ಇನ್ನು ಒಳಗೇ ಸಹಿ ಮಾಡು."

"ನಾ ಏನಾದ್ರೂ ತಪ್ಪು ಮಾಡಿದ್ನಾ?"

"ನೀ ಅಲ್ಲ. ನಾನು ಮಾಡಿದೆ." ತನ್ನ ರಕ್ತದಲ್ಲಿ ಏನಿದೆ ಎಂದು ಲೀಲಾಬಾಯಿ ಅವಳಿಗೆ ಆಗಲೇ ತಿಳಿಸಿದ್ದರು. ಆದ್ದರಿಂದ ಎಲ್ಲವನ್ನೂ ಹೇಳಿದೆ, ಕ್ಷಮೆಯನ್ನೂ ಕೇಳಿದೆ.

ಅವಳು ನೀರು ಕುಡಿದು ಲೋಟ ಬೋರಲು ಹಾಕಿದಳು. "ಪಾಂಡು ಅಜ್ಜ ದಿನಾ ನಂಗೆ ಚಾಕಲೇಟು ಕೊಡ್ತಿದ್ರು. ಇನ್ನು ಕೊಡೂದಿಲ್ವೇನೋ," ಎಂದಳು. ನಾನು ಪೆನ್ನು ಅವಳ ಕೈಗೆ ಕೊಟ್ಟೆ.

ಮೂರನೆಯ ದಿನ ಸಂಜೆ ಐದಕ್ಕೆ ಪಾಂಡುರಂಗನನ್ನು ಮುಂದೆ ಮಾಡಿಕೊಂಡು ಐದು ಜನ ಬಂದರು. ಭಾನುವಾರದೊಳಗೆ ಮಹಡಿಯವರನ್ನು ಕಳಿಸಬೇಕು, ಇಲ್ಲವಾದರೆ ಜಿಲ್ಲಾ ಕಚೇರಿಗೆ ಅರ್ಜಿ ಹೋಗುತ್ತದೆ ಎಂದರು. ಬಾವಿ ಒಂದೇ, ದಾರಿ ಒಂದೇ ಎಂದರು. ಸುಶೀಲಾ ಚಹಾ ತಂದು ನಡುವೆ ಇಟ್ಟಳು.

"ಬೆಳಿಗ್ಗೆ ವೇಣಿ ಕುಡಿದ ಕಪ್ಪೂ ಇದ್ರಲ್ಲೇ ಉಂಟು. ಯಾವ್ದು ಅಂತ ನಂಗೂ ಮರ್ತು ಹೋಯ್ತು. ಬೇಡ ಆದ್ರೆ ಈಗ್ಲೇ ಹೇಳಿ, ಹಾಲು ಹಾಳು ಮಾಡೂದು ಬೇಡ," ಎಂದಳು.

ಯಾರೂ ಮುಟ್ಟಲಿಲ್ಲ. ನಾನು ಎದ್ದು ನಿಂತೆ. "ಅರ್ಜಿ ಕೊಡಿ. ಹೆಸರು, ಮನೆ ನಂಬರು, ಸಹಿ ಎಲ್ಲ ಸರಿಯಾಗಿ ಬರೀರಿ. ಮೊಟಕು ಸಹಿ ಬೇಡ. ಅದ್ರಲ್ಲಿ ಈ ಮನೆ ಮಾಲೀಕ ಕಳಿಸ್ಲಿಕ್ಕೆ ಒಪ್ಪಲಿಲ್ಲ ಅಂತ್ಲೂ ಬರೀರಿ, ಆ ಸಾಲಿನ ಕೆಳಗೆ ನಾನೂ ಸಹಿ ಹಾಕ್ತೇನೆ."

"ನಿನ್ನ ಹಟಕ್ಕೆ ಕೇರಿ ಹಾಳಾಗ್ಬೇಕಾ?" ಎಂದ ಪಾಂಡುರಂಗ.

"ಕೇರಿ ಹಾಳಾಗೂದು ನಿನ್ನಂಥ ತಿಳಿದವ ತಿಳೀದವನ ಹಾಗೆ ಮಾತಾಡಿದ್ರೆ."

ಅರ್ಜಿ ಹೋಯಿತು. ಹನ್ನೊಂದು ಸಹಿ. ಲೀಲಾಬಾಯಿ ಫೋನಿನಲ್ಲಿ ದನಿ ತಗ್ಗಿಸಿ ವಿವರಿಸಿದರು. ಜಿಲ್ಲೆಯಿಂದ ಒಬ್ಬ ಅಧಿಕಾರಿ ಶುಕ್ರವಾರ ವಿಚಾರಣೆಗೆ ಬರುತ್ತಾರೆ. ಮಗು ಇರುವ ಜಾಗ ಸರಿಯಿಲ್ಲ ಎಂದು ಬರೆದರೆ ವೇಣಿಯನ್ನು ಕಾರವಾರಕ್ಕೆ ವಾಪಸು ಕಳಿಸಬೇಕು, ಕಡತ ನಿಲ್ಲುತ್ತದೆ. ಪಾವೊಲಾಳ ರಜೆ ಮುಗಿಯುತ್ತದೆ. ಮತ್ತೆ ಯಾವಾಗ ಎಂದು ಯಾರೂ ಹೇಳಲಾರರು. "ಅವಳ ಕಾಗದ ಇನ್ನೊಮ್ಮೆ ಯಾರ್ ಯಾರ ಕೈಗೋ ಹೋಗಿ ಬರೂದು ನಂಗೆ ನೋಡ್ಲಿಕ್ಕೆ ಆಗೂದಿಲ್ಲ ನಾಯಕರೇ," ಎಂದರು.

ಆ ವಾರ ನಮ್ಮ ಮನೆಗೆ ಪೇಪರಿನವನು ಬಿಟ್ಟರೆ ಯಾರೂ ಬರಲಿಲ್ಲ. ಮೀನು ಮಾರುವ ತುಳಸಿಯೂ ಬರಲಿಲ್ಲ. ಅವಳು ಬೇಲೇಕೇರಿಯ ಕಡೆಯವಳು, ಎಷ್ಟೋ ವರ್ಷದಿಂದ ನಮ್ಮ ಕೇರಿಗೆ ಬುಟ್ಟಿ ಹೊತ್ತು ಬರುವವಳು. ನಾಯಕರ ಮನೆಯಲ್ಲಿ ಬುಟ್ಟಿ ಇಳಿಸಿದರೆ ನಾವು ನಿನ್ನ ಮೀನು ಮುಟ್ಟುವುದಿಲ್ಲ ಎಂದು ಅವಳಿಗೆ ಹೇಳಿದ್ದರಂತೆ. ಎರಡು ದಿನ ಅವಳು ತಲೆ ತಗ್ಗಿಸಿ ನಮ್ಮ ಗೇಟು ದಾಟಿ ಹೋದಳು. ನಾನು ಅವಳ ಮೇಲೆ ಸಿಟ್ಟಾಗಲಿಲ್ಲ. ಹೊಟ್ಟೆಪಾಡು.

ಗುರುವಾರ ಹತ್ತು ಗಂಟೆಗೆ ಅವಳು ಸೀದಾ ಬಂದು ನಮ್ಮ ಗೇಟಿನ ಮೆಟ್ಟಿಲ ಮೇಲೆಯೇ ಬುಟ್ಟಿ ಇಳಿಸಿ ಕೂತಳು. ಬುಟ್ಟಿ ತುಂಬ ಇಸೋಣ ಮೀನು. ಮೀನುಗಾರಿಕೆಯ ರಜೆ ಹತ್ತಿರ ಬಂದು ಪೇಟೆಯಲ್ಲಿ ಒಳ್ಳೆಯ ಮೀನೇ ಇಲ್ಲದ ಸಮಯ ಅದು.

"ಏ ತುಳಸಿ, ಅಲ್ಲೆಂತಕ್ಕೆ ಕೂತಿ? ಈಚೆ ತಾ," ಎಂದಳು ಪಾಂಡುರಂಗನ ಹೆಂಡತಿ ತನ್ನ ಗೇಟಿನಿಂದ.

"ಸೊಂಟ ಹಿಡಿದದೆ ಅಕ್ಕ. ಇನ್ನು ಮನೆ ಮನೆ ತಿರುಗೂದಿಲ್ಲ. ಇಡೀ ಕೇರಿಗೆ ಈ ಮೆಟ್ಟಿಲೇ ನನ್ನ ಅಂಗಡಿ. ಬೇಕಾದವ್ರು ಬನ್ನಿ."

"ನಾವು ಹೇಳಿದ್ದು ಮರ್ತ್ಯಾ?"

"ಮರೀಲಿಲ್ಲ ಅಕ್ಕ. ನಿಮ್ಗೆ ಬೇಡ ಆದ್ರೆ ಬೇಡ. ಹತ್ತೂವರೆಗೆ ಎದ್ದು ಅಗಸೂರಿಗೆ ಹೋತೆ. ಅಲ್ಲಿಯವ್ರು ನನ್ನ ಬುಟ್ಟಿಯ ಜಾತಕ ಕೇಳೂದಿಲ್ಲ."

ಹತ್ತು ಇಪ್ಪತ್ತೈದರವರೆಗೆ ಯಾರೂ ಬರಲಿಲ್ಲ. ನಾನು ಒಳಗಿನಿಂದ ಗಡಿಯಾರ ನೋಡುತ್ತಿದ್ದೆ. ಆಮೇಲೆ ಪಾಂಡುರಂಗನ ಹೆಂಡತಿಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿದಳು. ಅವಳ ಹಿಂದೆ ಇನ್ನೂ ಮೂವರು. ವೇಣಿ ಮೆಟ್ಟಿಲ ಮೇಲೆ ತುಳಸಿಯ ಪಕ್ಕ ಕೂತು ಚೀಲ ಹಿಡಿದುಕೊಡುತ್ತಿದ್ದಳು. ಚೀಲ ತೆಗೆದುಕೊಳ್ಳುವ ಕೈಗಳು ಮೊದಲು ಸ್ವಲ್ಪ ತಡೆದವು, ಆಮೇಲೆ ತೆಗೆದುಕೊಂಡವು. ಇದನ್ನು ಮನಸ್ಸು ಬದಲಾದದ್ದು ಎಂದು ನಾನು ಬರೆಯುವುದಿಲ್ಲ. ಇಸೋಣದ ಆಸೆ ಅಷ್ಟೇ ಇರಬಹುದು. ನನಗೆ ಅದೂ ಸಾಕಾಗಿತ್ತು.

ಶುಕ್ರವಾರ ಅಧಿಕಾರಿ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಫೈಲು. ಮಹಡಿ ನೋಡಿದರು, ವೇಣಿಯ ಜೊತೆ ಬೇರೆಯಾಗಿ ಮಾತಾಡಿದರು, ನನ್ನ ರಿಜಿಸ್ಟರ್ ಪುಟ ಪುಟವಾಗಿ ತಿರುವಿದರು.

"ವಿಷಯ ಹೊರಗೆ ಹೋದದ್ದು ಯಾರಿಂದ?"

"ನನ್ನಿಂದ," ಎಂದೆ. "ಪುಸ್ತಕ ಜಗಲಿಯಲ್ಲಿ ತೂಗಿಹಾಕಿದ್ದೆ."

"ತಿಳಿದವರು ನೀವು." ಅವರು ಬರೆದುಕೊಂಡರು. ನಾನು ಏನು ಬರೆದರೆಂದು ಕೇಳಲಿಲ್ಲ.

ಆಮೇಲೆ ಸಹಿ ಹಾಕಿದವರನ್ನು ಜಗಲಿಗೆ ಕರೆಸಿದರು. ಹನ್ನೊಂದರಲ್ಲಿ ಆರು ಜನ ಬಂದರು. "ಮಗುವಿಗೆ ಏನಿದೆ, ಏನಿಲ್ಲ ಎಂದು ನಾನು ಹೇಳುವುದಿಲ್ಲ. ನೀವೂ ಇನ್ನು ಹೇಳುವಂತಿಲ್ಲ. ಕಾಯಿಲೆಯ ಹೆಸರಲ್ಲಿ ಒಬ್ಬರನ್ನು ಮನೆ ಬಿಡಿಸಲು ಹೋಗುವುದು ಕಾನೂನಿಗೆ ವಿರುದ್ಧ," ಎಂದು ಮೊದಲೇ ಹೇಳಿ, ಪಾಂಡುರಂಗನ ಕಡೆ ತಿರುಗಿದರು. "ನೀವು ಮೆಡಿಕಲ್ ಅಂಗಡಿಯವರಲ್ಲವೇ? ಅರ್ಜಿಯಲ್ಲಿ ಬರೆದ ಕಾಯಿಲೆ ಒಂದೇ ಬಾವಿಯ ನೀರು ಕುಡಿದರೆ ಬರುತ್ತದೆಯೇ?"

"ಇಲ್ಲ."

"ಜೊತೆಗೆ ಕೂತರೆ, ಆಡಿದರೆ?"

"ಇಲ್ಲ."

"ಮತ್ತೆ ಸಹಿ?"

"ಜನ ಹೆದರ್ತಾರೆ ಮೇಡಂ."

"ಜನ ಇರಲಿ. ನೀವು?"

ಪಾಂಡುರಂಗ ನೆಲ ನೋಡಿದ. ಹಿಂದಿದ್ದವರು ಅವನನ್ನು ನೋಡಿದರು. ಅವನು ಹೇಳಿದ್ದಕ್ಕೇ ಸಹಿ ಹಾಕಿದವರು ಅವರು. ಅಧಿಕಾರಿ ಫೈಲು ಮುಚ್ಚಿ, ಮಗು ಇಲ್ಲಿಯೇ ಇರಲಿ ಎಂದರು.

ಮೇ ಕೊನೆಯ ವಾರ ದತ್ತು ಆದೇಶ ಬಂತು. ಪಾಸ್‌ಪೋರ್ಟು ಅದರ ಹಿಂದೆಯೇ ಬಂತು. ಲೀಲಾಬಾಯಿ ಫೋನಿನಲ್ಲಿ ಸುದ್ದಿ ಹೇಳಿ ಅತ್ತರು. ಸುಶೀಲಾ ಅಳದೆ ಒಂದು ಸೇರು ಶಾವಿಗೆ ಹುರಿದಳು.

ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿಯ ಎಂಟಕ್ಕೆ ಅಲ್ಲಿ ನಾಲ್ಕೂವರೆ. ಮಗುವನ್ನು ದಿನಾ ಆ ಹೊತ್ತಿಗೆ ಎಬ್ಬಿಸಲಾಗದು. ಕಾರವಾರದ ಡಾಕ್ಟರನ್ನು ಕೇಳಿಕೊಂಡು, ಹೊರಡುವ ಮುಂಚಿನ ವಾರ ಮಾತ್ರೆಯನ್ನು ದಿನಕ್ಕೆ ಅರ್ಧ ಗಂಟೆ ಮುಂದೆ ತಳ್ಳಿದೆವು. ಏಳನೆಯ ದಿನಕ್ಕೆ ಸರಿಯಾಗಿ ಹನ್ನೊಂದೂವರೆ, ಅಂದರೆ ಅಲ್ಲಿಯ ಎಂಟು. ಅಂದೇ ಪ್ರಯಾಣ. ಪಾವೊಲಾಳನ್ನು ಮೇಜಿನ ಎದುರು ಕೂರಿಸಿ ರಿಜಿಸ್ಟರನ್ನು ಮೊದಲ ಪುಟದಿಂದ ಓದಿಸಿದೆ. ವೇಣಿಗೆ ಯಾವ ದಿನ ವಾಂತಿಯಾಯಿತು, ಯಾವ ದಿನ ಮಾತ್ರೆ ಬೇಡವೆಂದು ಅತ್ತಳು, ಯಾವ ದಿನ ತಾನೇ ಕೇಳಿ ತೆಗೆದುಕೊಂಡಳು, ಎಲ್ಲ ಇತ್ತು. ಪಾವೊಲಾ ತಡೆತಡೆದು ಓದಿದಳು, ಎರಡು ಕಡೆ ಪ್ರಶ್ನೆ ಕೇಳಿದಳು, ಕೆಳಗೆ ಸಹಿ ಹಾಕಿ ಹೊತ್ತು ಬರೆದಳು. ನಾನು ಕುರ್ಚಿ ಬಿಟ್ಟು ಎದ್ದೆ.

ಹನ್ನೆರಡಕ್ಕೆ ಗೋವೆಯ ವಿಮಾನಕ್ಕೆಂದು ಕಾರು ಬಂತು. ಸಮುದ್ರದ ಕಡೆಯಿಂದ ಮೋಡ ಏರುತ್ತಿತ್ತು, ಗಾಳಿ ನಿಂತಿತ್ತು. ಕೇರಿಯವರು ತಮ್ಮ ತಮ್ಮ ಗೇಟಿನ ಒಳಗೆ ನಿಂತು ನೋಡುತ್ತಿದ್ದರು. ಬಾಗಿಲುಗಳಲ್ಲಿ ಅರ್ಧ ಮುಖಗಳು. ಮಾರ್ಕೊ ಪೆಟ್ಟಿಗೆ ಹೇರುತ್ತಿದ್ದಾಗ ವೇಣಿ ಸುಶೀಲಾಳ ಕೈ ಬಿಡಿಸಿಕೊಂಡು ರಸ್ತೆ ದಾಟಿದಳು. ನಾನು ಕರೆಯಲು ಬಾಯಿ ತೆರೆದೆ, ಪಾವೊಲಾ ಬೇಡವೆಂದು ಕೈಯೆತ್ತಿದಳು. ವೇಣಿ ಪಾಂಡುರಂಗನ ಗೇಟಿನ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಪಾಂಡು ಅಜ್ಜ, ನಾ ಹೊರಟೆ."

"ಹೂಂ," ಎಂದ ಅವನು. "ಒಳ್ಳೇದಾಗ್ಲಿ."

"ನೀವು ಹೋಗು ಅಂದ್ರಿ ಅಂತ ಹೋಗೂದಲ್ಲ. ನನ್ನ ಆಯಿ ಕರ್ಕೊಂಡು ಹೋಗ್ಲಿಕ್ಕೆ ಬಂದಾಳೆ, ಅದ್ಕೆ ಹೋಗೂದು."

ಇಷ್ಟು ಹೇಳಿ ಅವನ ಉತ್ತರಕ್ಕೆ ಕಾಯದೆ ತಿರುಗಿ ಬಂದಳು. ಕಾರಿನ ಬಾಗಿಲನ್ನು ತಾನೇ ತೆಗೆದು ಹತ್ತಿ, ಪಾವೊಲಾ ಕೂರಲೆಂದು ಆಚೆ ಸರಿದು ಜಾಗ ಮಾಡಿದಳು.